ಮುಚ್ಚಿದಾಗ ಎಷ್ಟು?

ನನ್ನ ಸೈಕಲ್‌ನ ಹಿಂದಿನ ಶಾಕ್ (ಶಾಕ್ ಅಬ್ಸಾರ್ಬರ್) ಕೂತುಬಿಟ್ಟದ್ದು ಬೆಳಗಾವಿ ಹತ್ತಿರದ ಯಳ್ಳೂರಿನ ರಾಜಹಂಸಗಡದಿಂದ ಇಳಿಯುವಾಗ. ಮಳೆಗಾಲ ಮುಗಿದಿತ್ತು, ಕೆಂಪು ಮಣ್ಣು ಇನ್ನೂ ಅರ್ಧ ಹಸಿ. ಮೆಟ್ಟಿಲಿನಂಥ ಒಂದು ಕಲ್ಲಿನಿಂದ ಸೈಕಲ್ ಇಳಿಸಿದೆ. ಶಾಕ್ ಒಳಗೆ ಹೋಯಿತು, ವಾಪಸ್ ಬರಲಿಲ್ಲ. ಸೀಟು ಕೆಳಗೆ, ಹ್ಯಾಂಡಲ್ ಮೇಲೆ. ಮಲಗಿ ಏಳುತ್ತಿರುವ ಎಮ್ಮೆಯ ಬೆನ್ನ ಮೇಲೆ ಕೂತ ಹಾಗೆ ಟಿಳಕವಾಡಿಯ ತನಕ ತುಳಿದುಕೊಂಡು ಬಂದೆ.

ಈ ಸೈಕಲ್ ನಾನು ಕೊಂಡದ್ದಲ್ಲ. ಬೆಂಗಳೂರಿನಲ್ಲಿದ್ದ ನನ್ನ ಸೋದರಮಾವನ ಮಗ ಊರು ಬಿಡುವಾಗ "ನಿಮ್ಮ ಕಡೆ ಗುಡ್ಡ ಇವೆ, ನಿನ್ನ ಹತ್ತಿರವೇ ಇರಲಿ" ಅಂತ ಕೊಟ್ಟು ಹೋದ. ಹತ್ತು ವರ್ಷಕ್ಕಿಂತ ಹಳೆಯದು. ಹಿಂದಿನ ಚಕ್ರ 150 ಮಿಲಿಮೀಟರ್ ಮೇಲೆ ಕೆಳಗೆ ಆಡುತ್ತದೆ. ಸೈಕಲ್ ಅಂದರೆ ನಮ್ಮ ಭಾಗದವರಿಗೆ ವಿಜಯಪುರ, ಬಾಗಲಕೋಟೆಯ ರೇಸ್ ಹುಡುಗರು ನೆನಪಾಗುತ್ತಾರೆ. ತೆಳ್ಳನೆ ಟಯರು, ಬಗ್ಗಿದ ಹ್ಯಾಂಡಲ್. ಹಿಂದೆ ಮುಂದೆ ಎರಡೂ ಕಡೆ ಶಾಕ್ ಇರುವ ಇಂಥದ್ದನ್ನು ಕಂಡರೆ "ಇದರ ಮೋಟರ್ ಎಲ್ಲಿ ಐತ್ರಿ?" ಅಂತ ಕೇಳಿದವರೇ ಜಾಸ್ತಿ.

ಹಿಂದಿನ ಶಾಕ್ ನೋಡಲು ಒಂದು ಗೇಣು ಉದ್ದದ ಸಣ್ಣ ಸಾಮಾನು. ಒಳಗೆ ಎರಡು ಕೆಲಸ ನಡೆಯುತ್ತವೆ. ಗಾಳಿ ಸ್ಪ್ರಿಂಗ್ ಆಗಿ ನಮ್ಮ ಭಾರ ಹೊರುತ್ತದೆ. ಎಣ್ಣೆ ಸಣ್ಣ ತೂತುಗಳಲ್ಲಿ ನುಸುಳುತ್ತಾ ಆ ಸ್ಪ್ರಿಂಗ್ ಚಂಡಿನಂತೆ ಪುಟಿಯದ ಹಾಗೆ ತಡೆಯುತ್ತದೆ. ಗಾಳಿಯ ಕಡೆ ಮತ್ತೆ ಎರಡು ಕೋಣೆ. ದೊಡ್ಡದು ಶಾಕ್ ಅನ್ನು ಹೊರಗೆ ತಳ್ಳುತ್ತದೆ. ಚಿಕ್ಕದು, ನೆಗೆಟಿವ್ ಕೋಣೆ, ಸ್ವಲ್ಪ ಒಳಗೆ ಎಳೆಯುತ್ತದೆ, ಶುರುವಿನ ಸಣ್ಣ ಅಲುಗಾಟಕ್ಕೆ ಶಾಕ್ ಮೆತ್ತಗಿರಲಿ ಅಂತ. ನಡುವಿನ ಸೀಲ್ ಸವೆದರೆ ದೊಡ್ಡ ಕೋಣೆಯ ಗಾಳಿ ಚಿಕ್ಕದಕ್ಕೆ ನುಗ್ಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ಎಳೆಯುವವನ ಬಲ ಜಾಸ್ತಿಯಾಗಿ ಶಾಕ್ ಕೂತುಬಿಡುತ್ತದೆ. ನನ್ನದರಲ್ಲಿ ಆದದ್ದು ಇದು. ತಪ್ಪು ನನ್ನದೇ. ಶಾಕ್ ಮಾಡುವ ಕಂಪನಿಗಳಲ್ಲಿ ರಾಕ್‌ಶಾಕ್ಸ್‌ನವರು ಗಾಳಿಯ ಭಾಗಕ್ಕೆ 50 ಗಂಟೆಗೊಮ್ಮೆ, ಎಣ್ಣೆಯ ಭಾಗಕ್ಕೆ 200 ಗಂಟೆಗೊಮ್ಮೆ ಸರ್ವಿಸ್ ಮಾಡಿಸಿ ಅನ್ನುತ್ತಾರೆ. ಫಾಕ್ಸ್‌ನವರು 125 ಗಂಟೆ ಅಥವಾ ವರ್ಷಕ್ಕೊಮ್ಮೆ. ನಾನು ನಾಲ್ಕು ಮಳೆಗಾಲ ಏನೂ ಮಾಡಿಸಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸುವುದನ್ನೇ ಸರ್ವಿಸ್ ಅಂದುಕೊಂಡಿದ್ದೆ.

ಮೊದಲು ಹೋದದ್ದು ನಮ್ಮ ಓಣಿಯ ಪಂಕ್ಚರ್ ಅಂಗಡಿಗೆ. ಅಲ್ಲಿಯ ಮಾಮಾ ಲಾರಿ ಟಯರಿಗೂ ಹೆದರದವರು. ಶಾಕ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಪೈಪ್ ಪಾನಾ ಎತ್ತಿಕೊಂಡರು. "ಬಿಚ್ಚೇ ಬಿಡೂಣ್ರಿ." ಪುಣ್ಯಕ್ಕೆ ನಾನು ಆ ಮಟ್ಟಿಗೆ ಓದಿಕೊಂಡಿದ್ದೆ. ಕೂತ ಶಾಕ್‌ನ ವಾಲ್ವ್‌ನಿಂದ ಗಾಳಿ ಪೂರ್ತಿ ತೆಗೆದರೂ ಒಳಗೆ ಸಿಕ್ಕಿಕೊಂಡ ಗಾಳಿ ಹಾಗೇ ಇರುತ್ತದೆ. ಅದು ಸೈಕಲ್ ಟಯರಿನ 30 ಪಿಎಸ್ಐ ಗಾಳಿ ಅಲ್ಲ, ನೂರಾರು ಪಿಎಸ್ಐ. ಹೊರಗಿನ ಕವಚ ತಿರುಗಿಸಿ ಬಿಚ್ಚಿದರೆ ಅದು ಗುಂಡಿನ ಹಾಗೆ ಹಾರಬಹುದು. ಮಾಮಾನ ಕೈಯಿಂದ ಶಾಕ್ ಕಸಿದುಕೊಂಡೇ ಬಂದೆ ಅನ್ನಬೇಕು. ಅವರಿಗೆ ಸ್ವಲ್ಪ ಬೇಜಾರಾಯಿತು.

ಮನೆಗೆ ಬಂದು ಶಾಕ್ ಪಂಪ್ ಹಚ್ಚಿ 250 ಪಿಎಸ್ಐ ತುಂಬಿದೆ. ಶಾಕ್ ನಿಧಾನಕ್ಕೆ ಎದ್ದು ನಿಂತಿತು. ಅಂದರೆ ಎದ್ದು ನಿಂತಿತು ಅಂತ ನಾನು ಅಂದುಕೊಂಡೆ. ಮುಂದಿನ ಎರಡು ತಿಂಗಳ ಒದ್ದಾಟಕ್ಕೆಲ್ಲ ಆ ಒಂದು ಅಂದಾಜೇ ಮೂಲ.

ಹೊಸ ಶಾಕ್ ಹುಡುಕುವವರಿಗೆ ಎಲ್ಲರೂ ಹೇಳುವುದು ಎರಡು ಅಳತೆ. ಒಂದು ಕಣ್ಣಿನಿಂದ ಕಣ್ಣಿಗೆ, ಅಂದರೆ ಮೇಲಿನ ಬೋಲ್ಟ್ ತೂತಿನ ನಡುವಿನಿಂದ ಕೆಳಗಿನ ತೂತಿನ ನಡುವಿನವರೆಗೆ. ಇನ್ನೊಂದು ಸ್ಟ್ರೋಕ್, ಶಾಕ್ ಎಷ್ಟು ಒಳಗೆ ಹೋಗುತ್ತದೆ ಅಂತ. ಟೇಪ್ ಹಿಡಿದೆ. ಕಣ್ಣಿಂದ ಕಣ್ಣಿಗೆ 190 ಮಿಲಿಮೀಟರ್ ಬಂತು. ಹೊರಗೆ ಕಾಣುವ ದಂಡ 47. ಅಳತೆಗಳ ಪಟ್ಟಿ ನೋಡಿದರೆ 190ಕ್ಕೆ 51 ಅನ್ನುವ ಜೋಡಿ ಸಿಕ್ಕಿತು. 47 ಯಾಕೆ 51 ಆಗಲಿಲ್ಲ? ಉಳಿದ ನಾಲ್ಕು ಮಿಲಿಮೀಟರ್ ಸೀಲ್ ಒಳಗೆ ಇರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈ ಸೈಕಲ್ ಮಾಡಿದ ಕಂಪನಿಯ ಹಳೆಯ ಕ್ಯಾಟಲಾಗ್‌ನ ಒಂದು ಪುಟ ನನ್ನ ಫೋನಿನಲ್ಲೇ ಇತ್ತು. ಅದರಲ್ಲಿ 7.875 × 2.25 ಅಂತ ಇಂಚಿನಲ್ಲಿ ಬರೆದಿತ್ತು. ಲೆಕ್ಕ ಮಾಡಿ ನೋಡಲಿಲ್ಲ. ಇದು ಬೇರೆ ಮಾಡೆಲ್‌ದು ಇರಬೇಕು, ನನ್ನ ಟೇಪ್ ಸುಳ್ಳು ಹೇಳುತ್ತದೆಯೇ?

ಟೇಪ್ ಸುಳ್ಳು ಹೇಳಿರಲಿಲ್ಲ. ಶಾಕ್ ಹೇಳಿತ್ತು.

ಪುಣೆಯ ಒಬ್ಬರಿಂದ ಬಳಸಿದ್ದೊಂದು 190 × 51 ಶಾಕ್ ತರಿಸಿದೆ. ಅವರು ಕಳಿಸಿದ್ದು ಒಳ್ಳೆಯ ಸಾಮಾನೇ. ಬೋಲ್ಟ್ ತೂತಿನೊಳಗೆ ಕೂರುವ ಹಳೆಯ ಬುಶ್‌ಗಳು ಅದಕ್ಕೆ ಸರಿಯಾಗಿ ಕೂತವು, ಬೋಲ್ಟ್ ಹೋಯಿತು, ನನಗೆ ನನ್ನ ಮೇಲೇ ಹೆಮ್ಮೆ ಬಂತು. ಮರುದಿನ ಬೆಳಿಗ್ಗೆ ಜಾಂಬೋಟಿ ಕಡೆಯ ಕಾಡು ರಸ್ತೆಗೆ ಹೋದರೆ ಪೆಡಲ್ ಪದೇ ಪದೇ ಕಲ್ಲಿಗೆ ಬಡಿಯತೊಡಗಿತು. ನನ್ನ ಕಾಲೇ ಸರಿ ಇಲ್ಲ ಇವತ್ತು ಅಂದುಕೊಂಡೆ. ಆಮೇಲೆ ಒಂದು ಹಳ್ಳದ ಏರಿಯಿಂದ ಇಳಿದಾಗ ಸೀಟಿನ ಕೆಳಗೆ ಜರ್ರ್ ಅಂತ ಸದ್ದು. ಇಳಿದು ನೋಡಿದರೆ ಹಿಂದಿನ ಟಯರು ಫ್ರೇಮಿನ ಸೀಟ್ ಟ್ಯೂಬಿಗೆ ಉಜ್ಜಿ ಎರಡು ಬೆರಳಗಲ ಬಣ್ಣ ಕಿತ್ತಿತ್ತು.

ಆಗಲೂ ನನ್ನ ಅನುಮಾನ ಹೋದದ್ದು ಬುಶ್ ಮೇಲೆ. ಸಡಿಲ ಇರಬೇಕು, ಅದಕ್ಕೇ ವಾಲುತ್ತಿದೆ ಅಂತ. ಬುಶ್ ಅಂದಮೇಲೆ ಬೆಳಗಾವಿಯಲ್ಲಿ ಯೋಚನೆ ಮಾಡುವ ಹಾಗಿಲ್ಲ. ಮೂರನೇ ರೈಲ್ವೆ ಗೇಟ್ ದಾಟಿ ಉದ್ಯಮಬಾಗಕ್ಕೆ ಹೋದರೆ ಆಯಿತು. ಹೊರಗಿನವರು ಬೆಳಗಾವಿ ಅಂದರೆ ಕುಂದಾ ಅನ್ನುತ್ತಾರೆ. ನನ್ನ ಪ್ರಕಾರ ಈ ಊರಿನ ನಿಜವಾದ ವಾಸನೆ ಫೌಂಡ್ರಿಯ ಮರಳು ಮತ್ತು ಲೇತ್ ಮೇಲೆ ಸುರಿಯುವ ಕೂಲಂಟ್‌ದು. ಉದ್ಯಮಬಾಗ, ಮಚ್ಛೆ ಕಡೆ ಹೈಡ್ರಾಲಿಕ್ ಪಂಪು, ವಾಲ್ವು, ಸಿಲಿಂಡರ್ ಮಾಡುವ ಕಾರ್ಖಾನೆಗಳು ಎಷ್ಟೋ ಇವೆ. ಅವುಗಳ ಬೆನ್ನಿಗೆ ಎರಡೇ ಲೇತ್ ಇಟ್ಟುಕೊಂಡ ಸಣ್ಣ ಸಣ್ಣ ಶೆಡ್‌ಗಳು.

ಅಂಥದ್ದೊಂದು ಶೆಡ್‌ನ ಕಾಕಾ ನನಗೆ ಗೆಳೆಯನ ಕಡೆಯಿಂದ ಪರಿಚಯ. ಟ್ರ್ಯಾಕ್ಟರ್ ಟ್ರಾಲಿ ಎತ್ತುವ ಸಿಲಿಂಡರ್ ರಿಪೇರಿ ಅವರ ಮುಖ್ಯ ಕೆಲಸ. ಸೈಕಲ್ ಒಳಗೆ ತಂದು ನಿಲ್ಲಿಸಿದೆ. ಹಳೆಯ ಶಾಕ್ ಚೀಲದಲ್ಲಿತ್ತು, ಅದನ್ನೂ ಮೇಜಿನ ಮೇಲಿಟ್ಟು ಕಥೆ ಹೇಳಿದೆ. ಅವರು ಬುಶ್ ಕಡೆ ನೋಡಲೇ ಇಲ್ಲ.

"ತಮ್ಮಾ, ತೆರದಾಗ 190 ಅಂದಿ. ಮುಚ್ಚಿದಾಗ ಎಷ್ಟ?"

ನಾನು ಸುಮ್ಮನೆ ನಿಂತೆ. ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

"ಅದನ್ನ ಮದಲ ಹೇಳಬೇಕು. ನಮ್ಮಲ್ಲಿ ಸಿಲಿಂಡರ್ ಆರ್ಡರ್ ಬಂದರ ಕ್ಲೋಸ್ಡ್ ಲೆಂತ್ ಎಷ್ಟ, ಸ್ಟ್ರೋಕ್ ಎಷ್ಟ, ಪಿನ್ ಎಷ್ಟ, ಇಷ್ಟ ಕೇಳತೀವಿ. ಮುಚ್ಚಿದ ಅಳತಿ ಉದ್ದ ಆತಂದರ ಟ್ರಾಲಿ ಚಾಸಿ ಮ್ಯಾಲೆ ಕೂಡೂದೇ ಇಲ್ಲ, ಎಲ್ಲಾ ಭಾರ ಸಿಲಿಂಡರ್ ಮ್ಯಾಲೆ. ನಿಂದು ಉಲ್ಟಾ ಆಗೇತಿ."

ಕ್ಯಾಟಲಾಗ್ ಪುಟ ತೋರಿಸಿದೆ. ಕಾಕಾ ಕ್ಯಾಲ್ಕುಲೇಟರ್‌ನಲ್ಲಿ 7.875 ಅನ್ನು 25.4ರಿಂದ ಗುಣಿಸಿದರು. 200 ಬಂತು. 2.25ಕ್ಕೆ 57. ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದರು. 200ರಲ್ಲಿ 57 ಹೋದರೆ 143. ಪಕ್ಕದಲ್ಲಿ 190ರಲ್ಲಿ 51 ಹೋದರೆ 139. ಈ ಸೈಕಲ್ ಮಾಡಿದವರು ಶಾಕ್ 143ಕ್ಕೆ ನಿಲ್ಲುತ್ತದೆ ಅಂತ ಲೆಕ್ಕ ಹಾಕಿ ಟಯರಿಗೆ ಜಾಗ ಬಿಟ್ಟಿದ್ದಾರೆ. ನಾನು ಹಾಕಿದ್ದು ಅದನ್ನೂ ದಾಟಿ ಒಳಗೆ ಹೋಗುವಂಥದ್ದು. ಮೂರು ನಾಲ್ಕು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಆದರೆ ಶಾಕ್ 57 ಮಿಲಿಮೀಟರ್ ಆಡಿದರೆ ಚಕ್ರ 150 ಆಡುತ್ತದೆ, ಅಂದರೆ 2.6 ಪಟ್ಟು. ಚಕ್ರದ ಹತ್ತಿರ ಅದು 8ರಿಂದ 10 ಮಿಲಿಮೀಟರ್ ಆಗುತ್ತದೆ. ಸೀಟ್ ಟ್ಯೂಬಿನ ಬಣ್ಣ ಹೋದದ್ದು ಅಲ್ಲಿ.

ಪೆಡಲ್ ಕಲ್ಲಿಗೆ ಬಡಿದ ಕಥೆಯೂ ಅದೇ ಗುಣಾಕಾರ. ತೆರೆದ ಅಳತೆಯಲ್ಲಿ 10 ಮಿಲಿಮೀಟರ್ ಕಡಿಮೆ, ಹಿಂದಿನ ಚಕ್ರದ ಲೆಕ್ಕದಲ್ಲಿ 26. ನಾನು ಲೆಕ್ಕ ಹಾಕಿದ ಹಾಗೆ ಪೆಡಲ್ ಇರುವ ಜಾಗ ಸುಮಾರು 16 ಮಿಲಿಮೀಟರ್ ನೆಲಕ್ಕೆ ಹತ್ತಿರ ಬಂದಿತ್ತು. ನನ್ನ ಕಾಲು ಸರಿ ಇತ್ತು.

ಮತ್ತೆ ಆ 190 ಎಲ್ಲಿಂದ ಬಂತು? ಹಳೆಯ ಶಾಕ್ ಪೂರ್ತಿ ಎದ್ದೇ ಇರಲಿಲ್ಲ. 250 ಪಿಎಸ್ಐ ಹೊಡೆದರೂ ಹತ್ತು ಮಿಲಿಮೀಟರ್ ಒಳಗೇ ಉಳಿದಿತ್ತು. 200 ಇದ್ದದ್ದು 190 ಆಗಿ, 57 ಇದ್ದದ್ದು 47 ಆಗಿ ಕಂಡಿತು. ನನ್ನ ದುರಾದೃಷ್ಟಕ್ಕೆ 190 ಅನ್ನುವುದೂ ಒಂದು ನಿಜವಾದ ಅಳತೆ. ಅದು 187 ಅಂತ ಬಂದಿದ್ದರೆ ಪಟ್ಟಿಯಲ್ಲಿ ಸಿಗುತ್ತಿರಲಿಲ್ಲ, ನನಗೆ ಅನುಮಾನ ಬರುತ್ತಿತ್ತು. ಆ 47 ಕೂಡ ಕೂಗಿ ಹೇಳುತ್ತಿತ್ತು, ನಾನೇ ಬಾಯಿ ಮುಚ್ಚಿಸಿದೆ.

ಕಾಕಾ ಹಳೆಯ ಶಾಕ್ ಎತ್ತಿ ಕಿವಿಯ ಹತ್ತಿರ ಹಿಡಿದು, ಮೆಲ್ಲಗೆ ಕೆಳಗಿಟ್ಟರು. "ಇದನ್ನ ಬಿಚ್ಚೂದ ಬ್ಯಾಡ. ಇದರಾಗ ಇನ್ನೂ ಜೀವ ಐತಿ." ಪಂಕ್ಚರ್ ಮಾಮಾನ ಧೈರ್ಯಕ್ಕಿಂತ ಈ ಹೆದರಿಕೆ ನನಗೆ ಇಷ್ಟವಾಯಿತು.

ಇನ್ನು ಸರಿಯಾದ 200 × 57 ಹುಡುಕಬೇಕು. ಇಲ್ಲಿ ಬೇರೆ ತೊಡಕು. 2016ರಲ್ಲಿ ರಾಕ್‌ಶಾಕ್ಸ್ ಮತ್ತು ಇನ್ನು ಕೆಲವರು ಸೇರಿ ಶಾಕ್ ಅಳತೆಗಳನ್ನು ಇಂಚಿನಿಂದ ಮೆಟ್ರಿಕ್‌ಗೆ ತಂದರು. 190, 210, 230, 250 ಅಂತ ಉದ್ದ. ಒಂದೊಂದು ಉದ್ದಕ್ಕೂ ಎರಡೂವರೆ ಮಿಲಿಮೀಟರ್ ಅಂತರದಲ್ಲಿ ಸ್ಟ್ರೋಕ್‌ಗಳು. 210ಕ್ಕೆ 50, 52.5, 55, ಹೀಗೆ. ಜೊತೆಗೆ ಟ್ರನಿಯನ್ ಅಂತ ಇನ್ನೊಂದು ಜಾತಿ. ಅದರಲ್ಲಿ ಮೇಲಿನ ಕಣ್ಣೇ ಇರುವುದಿಲ್ಲ, ಶಾಕ್‌ನ ಎರಡು ಪಕ್ಕಕ್ಕೆ ಬೋಲ್ಟ್ ಹೋಗುತ್ತವೆ. ಅದೇ ಸ್ಟ್ರೋಕ್‌ಗೆ ಉದ್ದ 25 ಮಿಲಿಮೀಟರ್ ಕಡಿಮೆ, 210 × 55 ಬದಲು 185 × 55. ಹೊಸ ಫ್ರೇಮ್‌ಗಳೆಲ್ಲ ಈ ಕಡೆ ಹೋದವು. ನನ್ನಂಥ ಹಳೆಯ ಇಂಚಿನ ಫ್ರೇಮ್‌ನವರಿಗೆ ಅಂಗಡಿಯಲ್ಲಿ ಸಿಗುವುದು ಕಡಿಮೆಯಾಯಿತು. ಹಳೆಯ ವಾಡೆಯ ಬಾಗಿಲಿಗೆ ಕೀಲಿ ಹುಡುಕಿದ ಹಾಗೆ.

ಫೋನಿನಲ್ಲಿ ಒಬ್ಬ ಅಂಗಡಿಯವರು 210 × 55 ಇದೆ, ಹಾಕಿಕೊಳ್ಳಿ, ಹತ್ತು ಮಿಲಿಮೀಟರ್‌ಗೆ ಏನಾಗುತ್ತೆ ಅಂದರು. ಎರಡು ತಿಂಗಳ ಹಿಂದೆ ಆಗಿದ್ದರೆ ಹೂಂ ಅಂದುಬಿಡುತ್ತಿದ್ದೆ. ಈಗ ಗೋಡೆಯ ಮೇಲಿನ ಲೆಕ್ಕ ಕಣ್ಣ ಮುಂದೆ ಬಂತು. 210ರಲ್ಲಿ 55 ಹೋದರೆ 155. ಟಯರು ತಾಗುವ ಭಯ ಇಲ್ಲ. ಆದರೆ ಸೈಕಲ್‌ನ ಹಿಂಭಾಗ 26 ಮಿಲಿಮೀಟರ್ ಮೇಲೇಳುತ್ತದೆ. ನನ್ನ ಸೈಕಲ್‌ನ ಉದ್ದಕ್ಕೆ ಹ್ಯಾಂಡಲ್ ಕಡೆಯ ಕೋನ ಒಂದು ಡಿಗ್ರಿಗಿಂತ ಜಾಸ್ತಿ ನೆಟ್ಟಗಾಗುತ್ತದೆ. ರಾಜಹಂಸಗಡದ ಇಳಿಜಾರಿನಲ್ಲಿ ಆ ಒಂದು ಡಿಗ್ರಿ ನನ್ನನ್ನು ಮುಂದಕ್ಕೆ ಉರುಳಿಸಲು ಸಾಕು. ಅದೂ ಅಲ್ಲದೆ, ಪೂರ್ತಿ ತೆರೆದಾಗ ಹಿಂದಿನ ಚಕ್ರವನ್ನೂ ಶಾಕ್ ಅನ್ನೂ ಜೋಡಿಸುವ ಫ್ರೇಮಿನ ಲಿಂಕ್‌ಗಳು ಎಲ್ಲಿಯತನಕ ತಿರುಗಬಹುದು ಅನ್ನುವುದಕ್ಕೂ ಒಂದು ಮಿತಿ ಇದೆ. ಬೇಡ ಅಂದೆ.

ಉದ್ದ ಸರಿ ಇದ್ದು ಸ್ಟ್ರೋಕ್ ಕಡಿಮೆ ಇದ್ದರೆ ಅಷ್ಟು ಅಪಾಯ ಇಲ್ಲ. 200 × 51 ಒಂದು ಸಿಕ್ಕಿತ್ತು. ಹಾಕಿದರೆ ಫ್ರೇಮಿಗೆ ಏನೂ ಆಗುವುದಿಲ್ಲ, ಚಕ್ರ 150ರ ಬದಲು 134 ಮಿಲಿಮೀಟರ್ ಆಡುತ್ತದೆ ಅಷ್ಟೇ. ಬೇರೇನೂ ಸಿಗದಿದ್ದರೆ ಅದನ್ನೇ ಹಾಕುತ್ತಿದ್ದೆ. ಕಾಯಿಲ್ ಸ್ಪ್ರಿಂಗ್ ಶಾಕ್ ಕಡೆಗೂ ಎರಡು ದಿನ ಮನಸ್ಸು ಹೋಯಿತು. ನೋಡಲು ಚೆಂದ, ಗಾಳಿ ಸೋರುವ ಚಿಂತೆ ಇಲ್ಲ. ಆದರೆ ನಮ್ಮ ತೂಕಕ್ಕೆ ಸರಿಯಾದ ಸ್ಪ್ರಿಂಗ್ ಸಿಗಬೇಕು, ಸಿಗದಿದ್ದರೆ ಇನ್ನೊಂದು ತರಿಸಬೇಕು. ಗಾಳಿಯ ಶಾಕ್ ಕೊನೆಕೊನೆಗೆ ತಾನಾಗಿಯೇ ಗಟ್ಟಿಯಾಗುತ್ತದೆ, ಸ್ಪ್ರಿಂಗ್‌ಗೆ ಆ ಗುಣ ಇಲ್ಲ. ಹಳೆಯ ಫ್ರೇಮ್‌ಗಳಲ್ಲಿ ಲಿಂಕ್ ಕೂಡ ಆ ಸಹಾಯ ಮಾಡದಿದ್ದರೆ ಪ್ರತಿ ಕಲ್ಲಿಗೂ ಧಡ್ ಅಂತ ತಳ ಮುಟ್ಟುತ್ತದೆ. ಪಕ್ಕಕ್ಕೆ ಡಬ್ಬಿ ಇರುವ ದೊಡ್ಡ ಶಾಕ್‌ಗಳೂ ಬೇಡ ಅನ್ನಿಸಿತು. ಉದ್ದದ ಇಳಿಜಾರಿನಲ್ಲಿ ಎಣ್ಣೆ ಕಾಯದಿರಲಿ ಅಂತ ಆ ಡಬ್ಬಿ. ನನ್ನ ಇಳಿಜಾರುಗಳು ಹತ್ತು ನಿಮಿಷಕ್ಕೆ ಮುಗಿಯುತ್ತವೆ, ಮತ್ತು ಆ ಡಬ್ಬಿ ನನ್ನ ನೀರಿನ ಬಾಟಲಿಯ ಜಾಗದಲ್ಲಿ ಬಂದು ಕೂರುತ್ತದೆ. ಬಾಟಲಿ ಬಿಟ್ಟು ಬದುಕುವುದು ಹೇಗೆ, ಏಪ್ರಿಲ್‌ನಲ್ಲಿ?

ಟ್ಯೂನ್ ಅನ್ನುವುದನ್ನು ಮಾತ್ರ ಕಡೆಗಣಿಸಬಾರದು. ಒಂದೇ ಅಳತೆಯ ಎರಡು ಶಾಕ್‌ಗಳೊಳಗೆ ಎಣ್ಣೆಯ ದಾರಿ ಬೇರೆ ಬೇರೆ ಬಿಗಿ ಇರುತ್ತದೆ. ಲೋ, ಮಿಡ್, ಹೈ ಅಂತ ಗುರುತು. ಶಾಕ್‌ಗಿಂತ ಚಕ್ರ ಎಷ್ಟು ಪಟ್ಟು ಜಾಸ್ತಿ ಆಡುತ್ತದೋ ಶಾಕ್ ಮೇಲೆ ಒತ್ತಡ ಅಷ್ಟು ಜಾಸ್ತಿ, ಬಿಗಿಯೂ ಹೆಚ್ಚು ಬೇಕು. 2.6 ನಡುವಿನ ಲೆಕ್ಕ, ಹಳೆಯದರ ಮೇಲೂ ಮಿಡ್ ಅಂತ ಅರ್ಧ ಅಳಿಸಿದ ಗುರುತಿತ್ತು. ಹೊಸದಕ್ಕೂ ಮಿಡ್ ಸಾಕು ಅಂದುಕೊಂಡೆ. ಕೊನೆಗೆ ಹೊಸದೇ, ಸಾದಾ ಗಾಳಿಯ ಶಾಕ್ ತರಿಸಿದೆ. ಬೆಲೆ ಹೇಳುವುದಿಲ್ಲ. ಮನೆಯಲ್ಲಿ ಹೇಳಿದ್ದು ಒಂದು, ಕೊಟ್ಟದ್ದು ಒಂದು.

ಬಂದ ಡಬ್ಬಿಯಲ್ಲಿ ಬುಶ್‌ಗಳ ಸೆಟ್ ಇರಲಿಲ್ಲ. ಅದು ಬೇರೆಯಾಗಿಯೇ ಕೊಳ್ಳುವ ಸಾಮಾನು, ಯಾಕೆಂದರೆ ಒಂದೊಂದು ಫ್ರೇಮಿಗೆ ಅಗಲ ಒಂದೊಂದು ಥರ, ಬೋಲ್ಟ್ ದಪ್ಪವೂ ಬೇರೆ. ಹಳೆಯ ಬುಶ್ ಈ ಕಂಪನಿಯ ಕಣ್ಣಿಗೆ ಕೂರಲಿಲ್ಲ. ಮತ್ತೆ ಉದ್ಯಮಬಾಗ. ಕಾಕಾ ವರ್ನಿಯರ್‌ನಿಂದ ಫ್ರೇಮಿನ ಎರಡು ಕಿವಿಗಳ ನಡುವೆ ಅಳೆದರು. 22.2. ಬೋಲ್ಟ್ 8. ಮೊದಲು ಮಾಡಿದ ಸೆಟ್ 22.4 ಬಂತು. ನಾನು ಒತ್ತಿ ಕೂರಿಸೋಣ ಅಂದೆ. ಕಾಕಾ ನನ್ನನ್ನು ಒಮ್ಮೆ ನೋಡಿ ಅದನ್ನು ಸ್ಕ್ರ್ಯಾಪ್ ಡಬ್ಬಿಗೆ ಎಸೆದರು. ಒತ್ತಿದರೆ ಕಿವಿಗಳು ಅಗಲವಾಗುತ್ತವೆ, ಅಲ್ಯೂಮಿನಿಯಂ ಒಂದು ದಿನ ಸೀಳುತ್ತದೆ. ಎರಡನೇದು 22.1. ಬೆರಳಲ್ಲಿ ತಳ್ಳಿದರೆ ಹೋಗಿ ಕೂತಿತು, ಅಲ್ಲಾಡಲಿಲ್ಲ.

ಆಮೇಲೆ ಮಾಡಿದ್ದು ನಾನು ಎರಡು ತಿಂಗಳ ಮೊದಲೇ ಮಾಡಬೇಕಿದ್ದ ಕೆಲಸ. ಶಾಕ್‌ನಲ್ಲಿ ಗಾಳಿ ಹಾಕದೆ ಫ್ರೇಮಿಗೆ ಬಿಗಿದು, ಸೈಕಲ್ ಮೇಲೆ ಭಾರ ಹಾಕಿ ತಳ ಮುಟ್ಟುವ ತನಕ ಒತ್ತಿದೆವು. ನಾನು ಒತ್ತಿದೆ, ಕಾಕಾ ನೆಲದ ಮೇಲೆ ಕೂತು ಟಾರ್ಚ್ ಬಿಟ್ಟರು. ಟಯರಿಗೂ ಸೀಟ್ ಟ್ಯೂಬಿಗೂ ನಡುವೆ ಅವರ ಕಿರುಬೆರಳು ಹೋಯಿತು. ಲಿಂಕ್ ಎಲ್ಲೂ ತಾಗಲಿಲ್ಲ. ಬಾಟಲಿ ಬಚಾವ್.

ಗಾಳಿ ತುಂಬಲು ಕಾಕಾ ಶೆಡ್‌ನ ಕಂಪ್ರೆಸರ್ ಪೈಪ್ ಕೈಗೆತ್ತಿಕೊಂಡರು. ಇದೊಂದರಲ್ಲಿ ಮಾತ್ರ ಪಾಠ ಹೇಳುವ ಸರದಿ ನನ್ನದಾಯಿತು. ಶಾಕ್ ಒಳಗಿನ ಜಾಗ ಒಂದು ಸಣ್ಣ ಲೋಟದಷ್ಟೂ ಇಲ್ಲ. ಕಂಪ್ರೆಸರ್‌ನ ಒತ್ತಡ ಅಲ್ಲಿಗೆ ಮುಟ್ಟುವುದೂ ಇಲ್ಲ, ಅಳತೆಯೂ ಸಿಗುವುದಿಲ್ಲ. ಅದಕ್ಕೇ ಸಿರಿಂಜಿನಂಥ ಸಣ್ಣ ಕೈಪಂಪ್. ಮೊದಲು 50 ಪಿಎಸ್ಐ ಹಾಕಿ ನಿಧಾನಕ್ಕೆ ನಾಲ್ಕೈದು ಸಲ ಒತ್ತಬೇಕು, ಎರಡೂ ಕೋಣೆಗೆ ಗಾಳಿ ಸಮ ಆಗಲಿ ಅಂತ. ಮತ್ತೆ ಸ್ವಲ್ಪ, ಮತ್ತೆ ಒತ್ತು. ಶುರುವಿಗೆ ನಮ್ಮ ತೂಕ ಪೌಂಡಿನಲ್ಲಿ ಎಷ್ಟೋ ಅಷ್ಟು ಪಿಎಸ್ಐ ಅಂತ ಒಂದು ಹಳೆಯ ಅಂದಾಜು ಇದೆ. ನನ್ನ 84 ಕಿಲೋಗೆ 185. ಪಂಪ್ ಕಳಚುವಾಗ ಪುಸ್ ಅಂದದ್ದಕ್ಕೆ ಕಾಕಾ ಗಾಬರಿಯಾದರು. ಅದು ಪಂಪಿನ ಕೊಳವೆಯ ಗಾಳಿ, ಶಾಕ್‌ದಲ್ಲ ಅಂದೆ.

ಸೀಟಿನ ಮೇಲೆ ಸುಮ್ನೆ ಕೂತಾಗ ಶಾಕ್ ತನ್ನ ಸ್ಟ್ರೋಕ್‌ನ ಕಾಲು ಭಾಗದಿಂದ 30 ಪ್ರತಿಶತದಷ್ಟು ತಗ್ಗಬೇಕು. ನಾನು 16 ಮಿಲಿಮೀಟರ್ ಇಟ್ಟುಕೊಂಡೆ. ದಂಡದ ಮೇಲೆ ಒಂದು ರಬ್ಬರ್ ಉಂಗುರ ಇರುತ್ತದೆ, ಎಲ್ಲಿಯತನಕ ಒಳಗೆ ಹೋಯಿತು ಅಂತ ಅದು ತೋರಿಸುತ್ತದೆ. ಮುಂದಿನ ಭಾನುವಾರ ಅದೇ ಮೆಟ್ಟಿಲಿನಂಥ ಕಲ್ಲಿನಿಂದ ಇಳಿದು ನಿಂತು ನೋಡಿದೆ. ಉಂಗುರ 52ರ ಹತ್ತಿರ ನಿಂತಿತ್ತು. ಐದು ಮಿಲಿಮೀಟರ್ ಇನ್ನೂ ಬಾಕಿ. ಕೆಂಪು ಧೂಳಿನಲ್ಲಿ ಅದರ ಗುರುತು ಸ್ಪಷ್ಟ ಬಿದ್ದಿತ್ತು. ಫೋಟೋ ತೆಗೆದು ಕಾಕಾಗೆ ಕಳಿಸಿದೆ. "ಸೀಲ್ ಒರಸು" ಅಂತ ಉತ್ತರ ಬಂತು.

190 × 51 ಇನ್ನೂ ನನ್ನ ಹತ್ತಿರವೇ ಇದೆ. ಮಾರಾಟಕ್ಕೆ ಹಾಕಿದ್ದೆ. ಮೊನ್ನೆ ಖಾನಾಪುರ ಕಡೆಯ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣಾ, ನನ್ನದು ಕರೆಕ್ಟ್ 190 ಐತ್ರಿ, ಟೇಪ್ ಹಿಡದ ನೋಡೇನಿ. ಇವತ್ತ ಬಂದು ತಗೊಂಡ ಹೋಗ್ಲೇನ್ರಿ?"

"ಹಳೇ ಶಾಕ್ ಯಾಕೆ ತೆಗೆದೆ?" ಅಂತ ಕೇಳಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಾದ. "ಒಂದ ಸ್ವಲ್ಪ ಕೂತಂಗ ಆಗಿತ್ರಿ."